ಗಂಗಾಳದ ನೀರಿಗೆ ಇಂಗ್ಲಿಷ್ ಬರುವುದಿಲ್ಲ

"ಕನ್ನಡದಾಗ ವಿಜ್ಞಾನ ಕಲತು ಏನ್ ಮಾಡೂದ್ರಿ ಸರ್? ಅದೊಂದರೆ ಇಂಗ್ಲಿಷಿನಾಗ ಹೇಳ್ರಿ." ಭಂಡಾರಕವಠೆಯಿಂದ ಅಕ್ಕಲಕೋಟೆಯವರೆಗೆ ಕನ್ನಡ ಶಾಲೆಗಳ ಶಿಕ್ಷಕರಾದ ನಾವು ಪಾಲಕರಿಂದ ಪದೇ ಪದೇ ಕೇಳುವ ಮಾತಿದು. ಪಟಸಂಖ್ಯೆ ಇಳಿದೀತೆಂಬ ಅಂಜಿಕೆಯಿಂದ ನಾವು ಸುಮ್ಮನಿರುತ್ತೇವೆ. ಇಂದು ಉತ್ತರ ಕೊಡುತ್ತೇವೆ.

ಮಧ್ಯಾಹ್ನದ ಊಟದ ಗಂಗಾಳ ತೊಳೆದು ನೀರು ತುಂಬಿಸಿರಿ. ಮೇಲೆ ಚಿಟಿಕೆ ಅರಿಷಿಣ ಪುಡಿ ತೆಳುವಾಗಿ ಉದುರಿಸಿರಿ. ಬೆರಳ ತುದಿಗೆ ಸಾಬೂನು ಹಚ್ಚಿ ನಡುವೆ ಮುಟ್ಟಿರಿ. ಪುಡಿ ಅಂಚಿಗೆ ಓಡುತ್ತದೆ. ಯಾಕೆ?

"ಸಾಬೂನು ಪುಡಿಯನ್ನು ದೂಡಿತು" ಎಂದು ಮಕ್ಕಳು ಹೇಳುತ್ತಾರೆ. ಆಗ ಹಗ್ಗ ಜಗ್ಗಾಟ ನೆನಪಿಸಿರಿ. ನೀರಿನ ಕಣಗಳು ಒಂದನ್ನೊಂದು ಜಗ್ಗುತ್ತಿರುತ್ತವೆ. ಅದಕ್ಕೇ ನೀರಿನ ಮೇಲ್ಮೈ ಬಿಗಿದುಕೊಂಡಿರುತ್ತದೆ. ಸಾಬೂನು ಬಿದ್ದಲ್ಲಿ ಎಳೆತ ಕಡಿಮೆಯಾಗುತ್ತದೆ, ಸುತ್ತಲಿನ ನೀರಿನ ಎಳೆತ ಹಾಗೇ ಉಳಿದಿರುತ್ತದೆ. ಒಂದು ಪಕ್ಷ ಕೈ ಸಡಿಲಿಸಿದರೆ ಹಗ್ಗ ಎತ್ತ ಹೋಗುತ್ತದೆ? ಪುಡಿಯೂ ಅತ್ತಲೇ ಹೋಯಿತು. ಎರಡನೇ ಸಲ ಮುಟ್ಟಿದರೆ ಓಡುವುದಿಲ್ಲ, ಏಕೆಂದರೆ ಈಗ ಮೇಲ್ಮೈಯೆಲ್ಲ ಸಾಬೂನು ಹರಡಿದೆ. ಇದನ್ನು ನಾವು ಹೇಳುವ ಮೊದಲೇ ಹೇಳಿದ ಮಗು ವಿಜ್ಞಾನ ಕಲಿತಿದೆ.

ಲೆಕ್ಕವೂ ಬೇಕೇ? 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72.8 ಮಿಲಿನ್ಯೂಟನ್. ಸಾಕಷ್ಟು ಸಾಬೂನು ಬೆರೆತರೆ ಅದು 25–30ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ಸಾಬೂನು ನೀರು ಬಟ್ಟೆಯ ಎಳೆಗಳ ಸಂದಿಗೆ ಸುಲಭವಾಗಿ ಹೊಗುತ್ತದೆ. ಈ ಅಂಕಿಗಳು ಭಾಷೆ ಬದಲಾದರೆ ಬದಲಾಗುವುದಿಲ್ಲ.

ಈಗ ಅದೇ ಪಾಠ ಇಂಗ್ಲಿಷಿನಲ್ಲಿ ಹೇಳಿ ನೋಡಿರಿ. "ಸರ್ಫೇಸ್ ಟೆನ್ಷನ್" ಎಂದರೆ ನಮ್ಮ ಹಳ್ಳಿಯ ಮಗುವಿಗೆ ಏನು? ಟೆನ್ಷನ್ ಎಂದರೆ ಅಪ್ಪನಿಗೆ ಸಾಲದ ಚಿಂತೆ! "ಎಳೆತ" ಎಂದರೆ ಸಾಕು, ಅದರ ಕೈಗೆ ಹಗ್ಗ ಬಂದಂತೆ.

ಪ್ರಯೋಗಾಲಯ ಇಲ್ಲ ಎನ್ನುವವರಿಗೂ ಒಂದು ಮಾತು. ಜರ್ಮನಿಯ ಆಗ್ನೆಸ್ ಪಾಕೆಲ್ಸ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮನೆಗೆಲಸದ ನಡುವೆಯೇ ತಗಡಿನ ತೊಟ್ಟಿಯೊಂದರಲ್ಲಿ ನೀರಿನ ಮೇಲ್ಮೈ ಎಳೆತ ಅಳೆದರು. 1891ರಲ್ಲಿ ಲಾರ್ಡ್ ರೇಲೀ ಅವರಿಗೆ ಪತ್ರ ಬರೆದರು, ಅದೂ ತಮ್ಮ ಭಾಷೆ ಜರ್ಮನ್‌ನಲ್ಲಿ! ರೇಲೀ ಅದರ ಅನುವಾದವನ್ನು 'ನೇಚರ್' ಪತ್ರಿಕೆಗೆ ಕಳಿಸಿ ಅದೇ ವರ್ಷ ಅಚ್ಚು ಹಾಕಿಸಿದರು. ಮೊದಲು ತಿಳಿವಳಿಕೆ, ಆಮೇಲೆ ಅನುವಾದ.

ತಪ್ಪು ನಮ್ಮದೂ ಇದೆ. "ಸಾಬೂನು ಮೇಲ್ಮೈ ಎಳೆತವನ್ನು ಕಡಿಮೆ ಮಾಡುತ್ತದೆ" ಎಂದು ಹಲಗೆಯ ಮೇಲೆ ಬರೆದು, ಉರುಹೊಡೆಸಿ, ಒಂದು ಅಂಕ ಕೊಟ್ಟು ಕೈತೊಳೆದುಕೊಂಡಿದ್ದೇವೆ. ಕನ್ನಡದಲ್ಲಿ ಉರುಹೊಡೆಸುವುದಾದರೆ ಪಾಲಕರು ಇಂಗ್ಲಿಷಿನಲ್ಲೇ ಉರುಹೊಡೆಸಿ ಎನ್ನುವುದರಲ್ಲಿ ತಪ್ಪೇನಿದೆ?

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಎಳೆತ ಅರಿತ ಮಗು ಮುಂದೆ ಆ ಎರಡು ಇಂಗ್ಲಿಷ್ ಪದಗಳನ್ನು ಒಂದೇ ದಿನದಲ್ಲಿ ಕಲಿಯುತ್ತದೆ. ಬರಿಯ ಪದ ಕಲಿತ ಮಗುವಿಗೆ ಎಳೆತ ಎಂದೂ ತಿಳಿಯಲಿಕ್ಕಿಲ್ಲ. ಆದ್ದರಿಂದ ಗುರುಗಳೇ, ಮುಂದಿನ ಪಾಲಕರ ಸಭೆಗೆ ಭಾಷಣ ಬೇಡ. ಒಂದು ಗಂಗಾಳ, ಚಿಟಿಕೆ ಅರಿಷಿಣ, ಒಂದು ಸಾಬೂನು ಇಡೋಣ. ಮಕ್ಕಳೇ ಕನ್ನಡದಲ್ಲಿ ವಿವರಿಸಲಿ, ಪಾಲಕರು ಕೇಳಲಿ. ಏನಂತೀರಿ?