ನಾಲ್ಕು ಸೆರೆಯಾಳುಗಳ ಬೆಲೆ

ಈ ಬಾರಿಯ ವಿಶೇಷಾಂಕ ಫ್ಯಾಂಟಸಿ ಕಥೆಗಳಿಗೆ ಮೀಸಲು. ಬಂದ ಕಥೆಗಳ ರಾಶಿಯಲ್ಲಿ ಅಜ್ಟೆಕ್ ಯೋಧರದೇ ಒಂದು ದಂಡು. ಹುಣ್ಣಿಮೆ ಬರುತ್ತದೆ, ಯಾರೋ ಮಂತ್ರ ಹೇಳುತ್ತಾರೆ, ಪಡೆಗೆ ಪಡೆಯೇ ಜಾಗ್ವಾರ್‌ಗಳಾಗಿ ಕಾಡಿಗೆ ನುಗ್ಗುತ್ತದೆ. ಓದಲು ಮಜವಾಗಿವೆ, ಕೆಲವನ್ನು ಆರಿಸಿಯೂ ಇದ್ದೇವೆ. ಆದರೂ ಒಂದು ತಕರಾರು: ಅಷ್ಟು ಅಗ್ಗಕ್ಕೆ ಆ ವೇಷ ಅಲ್ಲಿ ಯಾರಿಗೂ ದಕ್ಕುತ್ತಿರಲಿಲ್ಲ.

ಅಜ್ಟೆಕರ ರಾಜಧಾನಿ ಟೆನೋಚ್ಟಿಟ್ಲಾನ್ 1521ರಲ್ಲಿ ಸ್ಪೇನಿನವರ ವಶವಾಯಿತು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅಲ್ಲಿನ ಚಿತ್ರಕಾರರು ಬರೆದ ಮೆಂಡೋಸಾ ಕೋಡೆಕ್ಸ್ ಎಂಬ ಚಿತ್ರಗ್ರಂಥದಲ್ಲಿ ಯೋಧನ ಬಡ್ತಿಯ ಪುಟವೊಂದಿದೆ. ಯುದ್ಧದಲ್ಲಿ ಒಬ್ಬನನ್ನು ಜೀವಂತ ಹಿಡಿದು ತಂದರೆ ಚಿತ್ತಾರದ ಹೊದಿಕೆ. ಇಬ್ಬರಾದರೆ ಚೂಪು ಟೊಪ್ಪಿಗೆ, ಮೂವರಾದರೆ ಬೆನ್ನಿಗೆ ಚಿಟ್ಟೆಯ ಲಾಂಛನ. ನಾಲ್ಕನೆಯವನು ಸಿಕ್ಕ ಮೇಲೆ ಜಾಗ್ವಾರ್ ಉಡುಪು. ಚಿತ್ರಗಳಲ್ಲಿ ಯೋಧನ ಮುಷ್ಟಿಯೊಳಗೆ ಸೋತವನ ಜುಟ್ಟು. ಕಪ್ಪು ಗಾಜುಗಲ್ಲಿನ ಅಲಗು ಕೂರಿಸಿದ ಗದೆ ಬೀಸುತ್ತಲೇ ಎದುರಾಳಿಯನ್ನು ಕೊಲ್ಲದೆ ಹಿಡಿಯುವುದೆಂದರೆ ತಮಾಷೆಯಲ್ಲ. ಇನ್ನು ಆ ಉಡುಪು! ಎಷ್ಟೋ ಸಲ ಅದು ಗರಿ ಕೂರಿಸಿ ಮಾಡಿದ್ದು, ಸೋತ ಸೀಮೆಗಳು ಕಪ್ಪವಾಗಿ ಕಳಿಸಿದ್ದು.

ರೂಪ ಬದಲಿಸುವವರೂ ಅವರ ನಂಬಿಕೆಯಲ್ಲಿದ್ದರು. ನಾವಾಲ್ ಎಂಬ ಮಾಂತ್ರಿಕರು ಅವರು. ಜನ ಅವರಿಗೆ ಹೆದರುತ್ತಿದ್ದರು. ಯೋಧರ ಕಥೆ ಬೇರೆ. ಟೆಯೋಟಿವಾಕಾನ್ ಎಂಬಲ್ಲಿ ದೇವರೊಬ್ಬ ಬೆಂಕಿಗೆ ಹಾರಿ ಸೂರ್ಯನಾದಾಗ ಹದ್ದೂ ಜಾಗ್ವಾರೂ ಹಿಂದೆಯೇ ಧುಮುಕಿದವಂತೆ. ಹದ್ದಿನ ಗರಿ ಸುಟ್ಟು ಕಪ್ಪಾಯಿತು, ಜಾಗ್ವಾರ್‌ನ ಮೈ ಅಲ್ಲಲ್ಲಿ ಕರಕಾಗಿ ಮಚ್ಚೆ ಉಳಿಯಿತು. ಧೀರರಿಗೆ ಈ ಎರಡರ ಹೆಸರು ಬಂದದ್ದು ಹಾಗೆ.

ಹಿಡಿಸಿಕೊಂಡವನ ಗತಿ? ಬೆರ್ನಾರ್ಡಿನೊ ಡಿ ಸಹಗುನ್ ಎಂಬ ಪಾದ್ರಿ ಅಲ್ಲಿನ ಹಿರಿಯರನ್ನು ಕೇಳಿ ಬರೆಸಿಟ್ಟಿದ್ದಾನೆ. ಶೀಪೆ ಟೋಟೆಕ್ ದೇವರ ಹಬ್ಬದಲ್ಲಿ ಕೆಲವು ಸೆರೆಯಾಳುಗಳನ್ನು ದುಂಡುಗಲ್ಲಿಗೆ ಹಗ್ಗದಲ್ಲಿ ಕಟ್ಟಿ, ಅಲಗಿನ ಬದಲು ಗರಿ ಅಂಟಿಸಿದ ಗದೆ ಕೊಡುತ್ತಿದ್ದರು. ಎದುರಿಗೆ ನಿಜವಾದ ಅಲಗು ಹಿಡಿದ ಹದ್ದು, ಜಾಗ್ವಾರ್ ಯೋಧರು. ಬಲಿಯಾದವನ ಮಾಂಸವನ್ನು ಅವನನ್ನು ಸೆರೆಹಿಡಿದ ಯೋಧನ ನೆಂಟರಿಷ್ಟರು ಉಣ್ಣುತ್ತಿದ್ದರು; ಆ ಯೋಧ ಮಾತ್ರ ಮುಟ್ಟುವಂತಿರಲಿಲ್ಲ. ಅವನಿಗೆ ಸೆರೆಯಾಳು ಮಗ, ಸೆರೆಯಾಳಿಗೆ ಅವನು ತಂದೆ, ಹಿಡಿದ ಗಳಿಗೆಯಿಂದ ಸಂಬಂಧ ಹಾಗೇ ನಡೆದುಬಂದಿತ್ತು.

ಇಂಥ ತಂದೆ ಮಕ್ಕಳ ಕಥೆ ಕೈಯಲ್ಲಿರುವಾಗ ನಮ್ಮ ಲೇಖಕರು ಹುಣ್ಣಿಮೆಗೆ ಯಾಕೆ ಕಾಯುತ್ತಾರೋ! ಬಂದವುಗಳಲ್ಲಿ ಒಂದೂ ಆ ಹಗ್ಗ ಕಟ್ಟಿಸಿಕೊಂಡವನ ಬಾಯಲ್ಲಿ ಬಂದ ಕಥೆಯಲ್ಲ. ಯಾರಾದರೂ ಬರೆದರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ.