ಎರಡೂವರೆ ಪೆನ್ನಿಯ ನೋಟ್‌ಬುಕ್ಕು

ಪರೀಕ್ಷೆ ಮುಗಿದೊಡನೆ ರದ್ದಿ ಅಂಗಡಿಯ ತಕ್ಕಡಿ ಏರುವುದು ವಿದ್ಯಾರ್ಥಿಗಳ ನೋಟ್‌ಬುಕ್ಕಿನ ಹಣೆಬರಹ. ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಇಂಗ್ಲೆಂಡಿನ ಒಬ್ಬ ವಿದ್ಯಾರ್ಥಿಯ ಕೆಲವು ನೋಟ್‌ಬುಕ್ಕುಗಳು ಮಾತ್ರ ಈ ಗತಿಯಿಂದ ಪಾರಾಗಿ ಉಳಿದಿವೆ. ಅವನ್ನು ಒಂದರ ನಂತರ ಒಂದು ತೆರೆದು ನೋಡಿದರೆ, ಪುಸ್ತಕದಲ್ಲಿದ್ದುದನ್ನು ಇಳಿಸಿಕೊಳ್ಳುತ್ತಿದ್ದ ಹುಡುಗ ಹೇಗೆ ಪ್ರಶ್ನೆ ಕೇಳುವವನಾದ ಎಂಬುದು ಹೆಜ್ಜೆ ಹೆಜ್ಜೆಗೂ ಕಾಣಿಸುತ್ತದೆ. ಆ ಹುಡುಗನ ಹೆಸರು ಐಸಾಕ್ ನ್ಯೂಟನ್.

ಮೊದಲನೆಯದು 1659ರದು. ಗ್ರಾಂಥಮ್ ಊರಿನ ಶಾಲೆಯ ಹುಡುಗ, ವಯಸ್ಸು ಹದಿನಾರು ಹದಿನೇಳು. ಪುಸ್ತಕ ತನ್ನದೆಂದು ಲ್ಯಾಟಿನ್ನಿನಲ್ಲಿ ಬರೆದು, ಕೊಟ್ಟ ಬೆಲೆ ಎರಡೂವರೆ ಪೆನ್ನಿ ಎಂದೂ ನಮೂದಿಸಿದ್ದಾನೆ. ಈಗ ಅದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಚಿತ್ರ ಬಿಡಿಸುವುದು ಹೇಗೆ, ಬಣ್ಣ ತಯಾರಿಸುವುದು ಹೇಗೆ, ಹಕ್ಕಿಗಳಿಗೆ ಅಮಲೇರಿಸಿ ಹಿಡಿಯುವುದು ಹೇಗೆ — ಇಂಥವೆಲ್ಲ ಅದರಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಜಾನ್ ಬೇಟ್ ಎಂಬಾತನ ಪುಸ್ತಕದಿಂದ ಇಳಿಸಿಕೊಂಡವು. ಮುಂದೆ ವಿಷಯವಾರು ಪದಗಳ ಪಟ್ಟಿಯಿದೆ. ಅದೂ ಒಂದು ಶಾಲಾಪುಸ್ತಕದ ನಕಲೇ. ಆದರೆ ಮೂಲದಲ್ಲಿಲ್ಲದ ಪದಗಳನ್ನು ಹುಡುಗ ತಾನಾಗಿ ಸೇರಿಸಿದ್ದಾನೆ. ಗಿಣಿಪಾಠದ ನಡುವೆ ಅವನ ಸ್ವಂತ ದನಿ ಅಷ್ಟೇ, ಅಲ್ಲೊಂದು ಇಲ್ಲೊಂದು.

ಅದೇ ದಿನಗಳಲ್ಲಿ ತಾಯಿ ಅವನನ್ನು ಶಾಲೆ ಬಿಡಿಸಿ ಜಮೀನು ನೋಡಿಕೊಳ್ಳಲು ಹಚ್ಚಿದ್ದಳು. ಅವನ ಕಾವಲಿನಲ್ಲಿ ಕುರಿಗಳು ಕಂಡವರ ಹೊಲಕ್ಕೆ ನುಗ್ಗಿ ದಂಡ ಕಟ್ಟಬೇಕಾಯಿತು. ಕೊನೆಗೆ ಸೋದರಮಾವ ಮತ್ತು ಶಾಲೆಯ ಮುಖ್ಯೋಪಾಧ್ಯಾಯರು ತಾಯಿಯನ್ನು ಒಪ್ಪಿಸಿ ಅವನನ್ನು ಮರಳಿ ಶಾಲೆಗೆ ತಂದರು. ಆ ಮಾತು ನಡೆಯದಿದ್ದರೆ ಮುಂದಿನ ನೋಟ್‌ಬುಕ್ಕುಗಳೇ ಇರುತ್ತಿರಲಿಲ್ಲ.

1661ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಸೇರಿದ್ದು, ಅನುಕೂಲಸ್ಥರ ಊಳಿಗ ಮಾಡಿಕೊಂಡು ಓದಬೇಕಾದ ದರ್ಜೆಯಲ್ಲಿ. ಗೆಲಿಲಿಯೋ ತೀರಿಕೊಂಡು ಆಗಲೇ 19 ವರ್ಷವಾಗಿತ್ತು. ಪಾಠ ಮಾತ್ರ ಅರಿಸ್ಟಾಟಲನದೇ. ನ್ಯೂಟನ್ ಹೊಸ ನೋಟ್‌ಬುಕ್ಕನ್ನು ಎರಡೂ ತುದಿಯಿಂದ ಶುರು ಮಾಡಿದ. ಒಂದು ಕಡೆಯಿಂದ ತರ್ಕ, ಇನ್ನೊಂದು ಕಡೆಯಿಂದ ನೀತಿಶಾಸ್ತ್ರ. ಒಳ್ಳೆಯ ವಿದ್ಯಾರ್ಥಿಯ ಹಾಗೆ ಗ್ರೀಕ್‌ನಲ್ಲಿ ಇಳಿಸಿಕೊಳ್ಳುತ್ತ ಹೋದ. ಆದರೆ ಹಿಡಿದ ಪಠ್ಯಪುಸ್ತಕಗಳಲ್ಲಿ ಯಾವುದನ್ನೂ ಕೊನೆ ಮುಟ್ಟಿಸಲಿಲ್ಲ. ನಡುವೆ ಹಾಳೆಗಳು ಖಾಲಿ ಉಳಿದವು.

ಸುಮಾರು 1664ರಲ್ಲಿ ಅವನು ಆ ಖಾಲಿ ಹಾಳೆಗಳಿಗೆ ಮರಳಿದ. ಮೇಲೆ ಲ್ಯಾಟಿನ್ನಿನಲ್ಲಿ ‘ಕೆಲವು ತಾತ್ವಿಕ ಪ್ರಶ್ನೆಗಳು’ ಎಂದು ಬರೆದು, ಕಾಲ, ಚಲನೆ, ಭಾರ, ಬೆಳಕು, ಬಣ್ಣ, ನಿದ್ರೆ ಹೀಗೆ 45 ಶೀರ್ಷಿಕೆಗಳನ್ನು ಹಾಕಿ, ಕೆಳಗೆ ಜಾಗ ಬಿಟ್ಟ. ಪ್ಲೇಟೋ, ಅರಿಸ್ಟಾಟಲ್ ಇಬ್ಬರೂ ಸ್ನೇಹಿತರೇ, ಆದರೆ ಸತ್ಯ ಅವರಿಗಿಂತ ಹತ್ತಿರದ ಸ್ನೇಹಿತ ಎಂಬ ಅರ್ಥದ ಹಳೆಯ ನುಡಿಯೊಂದನ್ನು ತಲೆಬರಹದ ಮೇಲೆ ಸೇರಿಸಿದ. ಪಾಠದಲ್ಲಿಲ್ಲದ ಡೆಕಾರ್ಟ್, ಬಾಯ್ಲ್ ಮುಂತಾದವರನ್ನು ಓದಿ ಬರೆದುಕೊಂಡ. ಅಲ್ಲಿಗೆ ನಿಲ್ಲದೆ ಅವರನ್ನೂ ಪ್ರಶ್ನಿಸಿದ. ಬಣ್ಣದ ಮಾತು ಬಂದಾಗ ಪಟ್ಟಕ ಹಿಡಿದು ತಾನೇ ನೋಡಿದ.

ಬರೆದದ್ದೆಲ್ಲ ಸರಿಯಾಗಿತ್ತೆಂದಲ್ಲ. ಭಾರಕ್ಕೆ ಕಾರಣವಾದ ಪ್ರವಾಹವೊಂದು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದರೆ, ಅದರಿಂದ ಸದಾ ತಿರುಗುವ ಚಕ್ರ ಮಾಡಬಹುದಲ್ಲವೇ ಎಂದೂ ಯೋಚಿಸಿದ್ದಾನೆ. ಅದು ಆಗದ ಮಾತೆಂದು ಇಂದಿನ ಪಿಯುಸಿ ಹುಡುಗಿ ಹೇಳಬಲ್ಲಳು. ಕೆಲವು ಶೀರ್ಷಿಕೆಗಳ ಕೆಳಗೆ ಬರೆದದ್ದು ಅತ್ಯಲ್ಪ. ಆದರೂ ಅಷ್ಟು ಹೊತ್ತಿಗೆ ಪುಸ್ತಕ ನಿಜವಾಗಿ ಅವನದಾಗಿತ್ತು.

ಇನ್ನೊಂದು ಪುಸ್ತಕದ ಕಥೆ ಇದಕ್ಕಿಂತ ವಿಚಿತ್ರ. ನ್ಯೂಟನ್ ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ಮಗುವಿಗೆ ಮೂರು ವರ್ಷವಾದಾಗ ತಾಯಿ ಬಾರ್ನಬಸ್ ಸ್ಮಿತ್ ಎಂಬ ಪಾದ್ರಿಯನ್ನು ಮದುವೆಯಾಗಿ, ಅವನನ್ನು ಅಜ್ಜಿಯ ಮಡಿಲಿಗೆ ಬಿಟ್ಟು ಹೋದಳು. ಆ ಗಾಯ ಮಾಯಲಿಲ್ಲ. 1662ರಲ್ಲಿ ತನ್ನ ಪಾಪಗಳ ಪಟ್ಟಿ ಮಾಡುವಾಗ, ತಾಯಿ ಮಲತಂದೆಯರನ್ನು ಮನೆಸಮೇತ ಸುಟ್ಟುಬಿಡುತ್ತೇನೆಂದು ಬೆದರಿಸಿದ್ದನ್ನೂ ಅವನು ಬರೆದುಕೊಂಡಿದ್ದಾನೆ.

ಆ ಮಲತಂದೆಯೂ 1612ರಲ್ಲಿ ದೊಡ್ಡದೊಂದು ಟಿಪ್ಪಣಿ ಪುಸ್ತಕ ಶುರು ಮಾಡಿದ್ದ. ಧರ್ಮಶಾಸ್ತ್ರದ ವಿಷಯಗಳನ್ನು ಶೀರ್ಷಿಕೆ ಮಾಡಿ, ಕೆಳಗೆ ಜಾಗ ಬಿಟ್ಟಿದ್ದ. 1653ರಲ್ಲಿ ಅವನು ಸತ್ತಾಗ ಹೆಚ್ಚಿನ ಹಾಳೆಗಳು ಖಾಲಿಯೇ ಇದ್ದವು. ಕಾಗದ ದುಬಾರಿಯ ಕಾಲ. ಮಗ ಅದನ್ನು ತೆಗೆದುಕೊಂಡು ‘ವೇಸ್ಟ್ ಬುಕ್’ ಎಂದು ಕರೆದ. ವ್ಯಾಪಾರಿಗಳ ಕಚ್ಚಾ ಲೆಕ್ಕದ ಪುಸ್ತಕಕ್ಕೆ ಅಲ್ಲಿ ಹಾಗೆನ್ನುವುದು ರೂಢಿ. 1665ರಲ್ಲಿ ಪ್ಲೇಗ್ ಬಂದು ವಿಶ್ವವಿದ್ಯಾಲಯ ಬಾಗಿಲು ಹಾಕಿತು, ನ್ಯೂಟನ್ ಊರು ಸೇರಿದ. ಕಲನಶಾಸ್ತ್ರದ ಮೊದಲ ಹೆಜ್ಜೆಗಳೂ ವಸ್ತುಗಳ ಚಲನೆಯ ಲೆಕ್ಕಗಳೂ ಆ ವರ್ಷಗಳಲ್ಲಿ ಆ ಹಾಳೆಗಳನ್ನು ತುಂಬಿದವು.

ಶೀರ್ಷಿಕೆ ಹಾಕಿ ಜಾಗ ಬಿಡುವ ಕ್ರಮ ಇಬ್ಬರದೂ ಒಂದೇ, ಅದನ್ನು ಆ ಕಾಲದ ಶಾಲೆಗಳೇ ಕಲಿಸುತ್ತಿದ್ದವು. ಒಬ್ಬ ಶೀರ್ಷಿಕೆ ಬರೆದು ಮುಂದೆ ಹೋದ. ಇನ್ನೊಬ್ಬ ಖಾಲಿ ಜಾಗಕ್ಕೆ ಮತ್ತೆ ಮತ್ತೆ ಮರಳಿ ಬಂದ. ಅಂತರ ಅಷ್ಟೇ.

2011ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನಲ್ಲಿರುವ ನ್ಯೂಟನ್ನನ ಹಸ್ತಪ್ರತಿಗಳನ್ನು ಅಂತರಜಾಲದಲ್ಲಿ ತೆರೆದಿಡತೊಡಗಿತು. ಕರಿಹಲಗೆಯ ಫೋಟೊ ತೆಗೆದುಕೊಂಡು ಮನೆಗೆ ಹೋಗುವ ಇಂದಿನ ವಿದ್ಯಾರ್ಥಿಯೂ ಅದೇ ಮೊಬೈಲಿನಲ್ಲಿ ಆ ಪುಟಗಳನ್ನು ನೋಡಬಹುದು. ಅಂದವಾದ ಅಕ್ಷರವನ್ನೂ ಕೆಂಪು ಗೆರೆಯನ್ನೂ ಅಲ್ಲಿ ಹುಡುಕಬೇಕಾಗಿಲ್ಲ. ನೋಡಬೇಕಾದದ್ದು ಹೊಡೆದುಹಾಕಿದ ಸಾಲುಗಳನ್ನು; ಜೊತೆಗೆ, ಉತ್ತರ ಗೊತ್ತಿಲ್ಲದೆಯೂ ಪ್ರಶ್ನೆ ಬರೆದು ಕೆಳಗೆ ಬಿಟ್ಟ ಜಾಗವನ್ನು.