ಬೀಗ ಒಬ್ಬನದು, ಕಾವಲು ಎಲ್ಲರದು

ದೂರದೂರಿನಲ್ಲಿ ಬದುಕು ಕಟ್ಟಿಕೊಂಡವನ ಆಸ್ತಿಪಟ್ಟಿ ಬರೆಯಹೊರಟರೆ ಅದು ಬಹಳ ಉದ್ದವಾಗಲಾರದು. ಬಾಡಿಗೆಯದೋ ಸಾಲದ್ದೋ ಆದ ಒಂದು ಖೋಲಿ, ಊರಿನಲ್ಲಿ ಅಣ್ಣತಮ್ಮಂದಿರ ನಡುವೆ ಇನ್ನೂ ಪಾಲಾಗದ ತುಂಡು ಭೂಮಿ, ಕಟ್ಟಡದ ಕೆಳಗೆ ಮಳೆಗೆ ನೆನೆಯುತ್ತ ನಿಂತ ಒಂದು ಬೈಕು. ಮೊದಲೆರಡನ್ನು ಯಾರೂ ಹೊತ್ತೊಯ್ಯಲಾರರು. ಮೂರನೆಯದು ಕೆಲವೇ ನಿಮಿಷಗಳಲ್ಲಿ ಮಾಯವಾಗಬಲ್ಲದು. ಹೀಗಿದ್ದರೂ ಹೊರನಾಡಿನ ನಮ್ಮ ಸಭೆಗಳಲ್ಲಿ ಭಾಷೆಯ ಉಳಿವಿನ ಬಗ್ಗೆ ನಡೆಯುವಷ್ಟು ಚರ್ಚೆ ಈ ಸಣ್ಣ ಆಸ್ತಿಯ ಉಳಿವಿನ ಬಗ್ಗೆ ನಡೆಯುವುದಿಲ್ಲ. ಬೈಕು ಹೋಯಿತೆಂದರೆ ‘ಸರಿಯಾಗಿ ಬೀಗ ಹಾಕಿದ್ದೆಯೇನಪ್ಪಾ?’ ಎಂಬ ಒಂದು ಪ್ರಶ್ನೆಯಲ್ಲಿ ಎಲ್ಲರ ಸಹಾನುಭೂತಿ ಮುಗಿದುಹೋಗುತ್ತದೆ. ಕಳವು ಕಳೆದುಕೊಂಡವನ ಅಜಾಗರೂಕತೆಯ ಫಲವೆಂಬ ಈ ಎಣಿಕೆಯನ್ನು ನಾವು ಒಪ್ಪುವುದಿಲ್ಲ.

ದಿವಾವನ್ನೇ ನೋಡೋಣ. ಮುಂಬ್ರಾ ಮತ್ತು ಕೋಪರ್‌ಗಳ ನಡುವಿನ ಈ ಜಂಕ್ಷನ್ನಿನಲ್ಲಿ ಕಲ್ಯಾಣದ ಹಳಿಗಳಿಗೆ ವಸಯಿ ಮತ್ತು ಪನ್ವೇಲ್‌ಗಳ ಹಳಿಗಳು ಬಂದು ಕೂಡುತ್ತವೆ. ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಟು ಮಂಗಳೂರಿನ ಕಡೆಗೆ ಸಾಗುವ ರೈಲು ಕೊಂಕಣದತ್ತ ತಿರುಗುವುದು ಇಲ್ಲಿಯೇ. ಆಡಳಿತಕ್ಕೆ ಇದು ಥಾಣೆ ಮಹಾನಗರ ಪಾಲಿಕೆಯ ಭಾಗ. ಬದುಕಿಗೆ ಡೊಂಬಿವಲಿಯ ನೆರೆ. ಮುಂಬಯಿಯ ಬೆಲೆ ಕೈಗೆಟುಕದವರು ನೆಲೆ ಹುಡುಕಿಕೊಂಡು ಬಂದ ಊರು ಇದು. ಹೋಟೆಲು, ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವ ಇಲ್ಲಿನವರ ದಿನ ಬೆಳಗಿನ ಲೋಕಲ್‌ನಿಂದ ಆರಂಭವಾಗಿ ರಾತ್ರಿಯ ಲೋಕಲ್‌ನೊಂದಿಗೆ ಮುಗಿಯುತ್ತದೆ. ಮನೆಯಿಂದ ನಿಲ್ದಾಣದವರೆಗಿನ ದಾರಿಗೆ ಬೈಕು ಬೇಕು. ಅಲ್ಲಿಂದಾಚೆಗೆ ರೈಲು ಬೇಕು. ಹೀಗಾಗಿ ಇಲ್ಲಿನ ಬೈಕು ದಿನಕ್ಕೆ ಹತ್ತು ನಿಮಿಷ ಓಡುತ್ತದೆ, ಹತ್ತು ಹನ್ನೆರಡು ಗಂಟೆ ಒಡೆಯನ ಕಣ್ಣಿಗೆ ಬೀಳದೆ ನಿಂತಿರುತ್ತದೆ. ಕಳ್ಳನಿಗೆ ಬೇಕಾದದ್ದು ಈ ನಿಂತ ಹೊತ್ತೇ. ಒಡೆಯನು ಇಂಥ ಲೋಕಲ್‌ನಲ್ಲಿ ಹೋದರೆ ಇಂಥ ಹೊತ್ತಿನವರೆಗೆ ಬಾರನೆಂಬುದನ್ನು ನಾಲ್ಕು ದಿನ ನೋಡಿದ ಯಾರು ಬೇಕಾದರೂ ಹೇಳಬಲ್ಲರು.

ಇನ್ನು ಊರಿನ ಪ್ರಯಾಣ. ಚೌತಿಗೋ ಮೇ ತಿಂಗಳ ರಜೆಗೋ ಮನೆಯ ದೈವದ ನೇಮಕ್ಕೋ ಹದಿನೈದು ದಿನ ಹೊರಟುಹೋದವನ ಬೈಕು ಕಟ್ಟಡದ ಕೆಳಗೆ ಧೂಳು ಹೊದ್ದುಕೊಂಡು ನಿಂತಿರುತ್ತದೆ. ಆ ಧೂಳೇ ‘ಒಡೆಯ ಊರಲ್ಲಿಲ್ಲ’ ಎಂಬ ಫಲಕ. ಪ್ರಯಾಣದಲ್ಲಿ ಬೈಕಿನ ರಕ್ಷಣೆ ಎಂದೊಡನೆ ಹೆದ್ದಾರಿ, ಢಾಬಾ, ವಸತಿಗೃಹಗಳನ್ನಷ್ಟೇ ನೆನೆಯುವವರು ಇದನ್ನು ಮರೆಯುತ್ತಾರೆ. ನಾವು ಪ್ರಯಾಣದಲ್ಲಿರುವಾಗ ನಮ್ಮೊಡನೆ ಬಂದ ಬೈಕಿಗಿಂತ ಹಿಂದೆ ಬಿಟ್ಟುಬಂದ ಬೈಕಿಗೇ ಅಪಾಯ ಹೆಚ್ಚು. ಜೊತೆಗೆ ಬಂದದ್ದು ಹೋದರೆ ಬೆಳಗಾಗುವುದರೊಳಗೆ ತಿಳಿಯುತ್ತದೆ. ಹಿಂದೆ ಬಿಟ್ಟದ್ದು ಹೋದರೆ ತಿಳಿಯುವುದು ಮರಳಿ ಬಂದ ಮೇಲೆ. ಅಷ್ಟರಲ್ಲಿ ಅದು ಬಿಡಿಭಾಗಗಳಾಗಿ ಎಲ್ಲೆಲ್ಲಿಗೋ ಹಂಚಿಹೋಗಿರಬಹುದು.

ಬೈಕಿನಲ್ಲಿಯೇ ಊರಿಗೆ ಹೊರಡುವ ಯುವಕರೂ ನಮ್ಮಲ್ಲಿ ಕಡಿಮೆಯಿಲ್ಲ. ಕರಾವಳಿಯವರು ಪನ್ವೇಲ್‌ನಿಂದ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯುತ್ತಾರೆ. ಬೆಳಗಾವಿ, ಹುಬ್ಬಳ್ಳಿಯ ಕಡೆಯವರು ಪುಣೆ, ಕೊಲ್ಹಾಪುರ, ನಿಪ್ಪಾಣಿಗಳ ಮೂಲಕ ಸಾಗುತ್ತಾರೆ. ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ಖಂಡಾಲಾ ಘಾಟಿಯ ಹಳೆಯ ರಸ್ತೆಯೇ ಅವರಿಗೆ ಗತಿ. ರಾತ್ರಿ ತಂಗುವಲ್ಲಿ ಕೋಣೆಯ ಬಾಡಿಗೆಯನ್ನು ಕೇಳುವ ಮೊದಲು ಬೈಕು ನಿಲ್ಲಿಸುವ ಜಾಗವನ್ನು ನೋಡುವುದು ವಿವೇಕ. ಗೇಟಿನೊಳಗೆ, ಬೆಳಕಿನಲ್ಲಿ, ಕಾವಲುಗಾರನ ಕಣ್ಣಳತೆಯಲ್ಲಿ ಜಾಗವಿಲ್ಲದಿದ್ದರೆ ಮುಂದಿನ ವಸತಿಗೃಹಕ್ಕೆ ಹೋಗುವುದೇ ಮೇಲು.

ಬೀಗಗಳ ಬಗ್ಗೆ ಒಂದು ಮಾತು. ಯಾವ ಬೀಗವೂ ಕಳ್ಳನನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ. ಬೈಕಿನೊಡನೆ ಬರುವ ಹ್ಯಾಂಡಲ್ ಲಾಕ್ ಬಲವಾದ ಒದೆತಕ್ಕೆ ಮುರಿಯಬಲ್ಲದು. ಡಿಸ್ಕ್ ಲಾಕ್ ಹಾಕಿದರೆ ಬೈಕನ್ನು ತಳ್ಳಿಕೊಂಡು ಹೋಗಲಾಗದು. ಆದರೆ ಇಬ್ಬರು ಸೇರಿ ಎತ್ತಿ ಟೆಂಪೋಗೆ ಹಾಕಬಹುದು. ದಪ್ಪ ಸರಪಳಿಯನ್ನು ಚೌಕಟ್ಟಿನೊಳಗಿಂದ ಹಾಯಿಸಿ ಕಂಬಕ್ಕೋ ನೆಲಕ್ಕೆ ಹೂತ ಬಳೆಗೋ ಬಿಗಿದರೆ ಎತ್ತುವುದೂ ಕಷ್ಟ. ಚಕ್ರಕ್ಕೆ ಮಾತ್ರ ಬಿಗಿದರೆ ಚಕ್ರವಷ್ಟೇ ನಮಗೆ ಉಳಿದೀತು. ಸರಪಳಿ ನೆಲಕ್ಕೆ ತಾಗಿದ್ದರೆ ಅದನ್ನು ಕಲ್ಲಿನ ಮೇಲಿಟ್ಟು ಬಡಿಯುವುದು ಸುಲಭ. ಇಂಧನವನ್ನೋ ವಿದ್ಯುತ್ತನ್ನೋ ತಡೆಹಿಡಿಯುವ ಗುಪ್ತ ಸ್ವಿಚ್ಚು, ಎಲ್ಲಿದೆಯೆಂದು ಫೋನಿಗೆ ತಿಳಿಸುವ ಜಿಪಿಎಸ್ ಇವೆಲ್ಲ ಉಪಯುಕ್ತವೇ. ಬಗೆಬಗೆಯ ಎರಡು ಬೀಗಗಳಿದ್ದರೆ ಕಳ್ಳನಿಗೆ ಎರಡು ಬಗೆಯ ಸಲಕರಣೆ ಬೇಕು, ಎರಡು ಪಟ್ಟು ಸಮಯ ಬೇಕು. ಅವನು ಪಕ್ಕದ ಬೈಕಿನತ್ತ ತಿರುಗುತ್ತಾನೆ. ಬೀಗದ ಮಿತಿ ಇಲ್ಲಿಯೇ ಕಾಣುತ್ತದೆ: ಅದು ಕಳವನ್ನು ನಿಲ್ಲಿಸುವುದಿಲ್ಲ, ನೆರೆಯವನತ್ತ ಸರಿಸುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಹೊರನಾಡಿನವರು ಇನ್ನಷ್ಟು ಎಚ್ಚರದಿಂದಿರಬೇಕು. ಮೂಲ ಆರ್‌ಸಿಯನ್ನು ಸೀಟಿನಡಿಯಲ್ಲಿ ಇಟ್ಟುಕೊಳ್ಳುವುದೆಂದರೆ ಕಳ್ಳನಿಗೆ ಬೈಕಿನೊಡನೆ ದಾಖಲೆಯನ್ನೂ ದಾನ ಕೊಟ್ಟಂತೆ. ಡಿಜಿಲಾಕರ್‌ನಲ್ಲಿರುವ ಪ್ರತಿಗೆ ಕಾನೂನಿನ ಮಾನ್ಯತೆಯಿರುವಾಗ ಅದರ ಅಗತ್ಯವೂ ಇಲ್ಲ. ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ಊರಿಗೆ ಮರಳುವ ಗೆಳೆಯನಿಂದಲೋ ಬಂಧುವಿನಿಂದಲೋ ಬೈಕನ್ನು ಕೊಂಡು, ನಂಬಿಕೆಯ ಮೇಲೆ ಹಳೆಯ ಹೆಸರಿನಲ್ಲಿಯೇ ವರ್ಷಗಟ್ಟಲೆ ಓಡಿಸುವುದು ನಮ್ಮವರಲ್ಲಿ ಸಾಮಾನ್ಯ. ಕೆಎ ಸಂಖ್ಯೆಯ ಬೈಕು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಮಹಾರಾಷ್ಟ್ರದಲ್ಲಿದ್ದರೆ ಇಲ್ಲಿ ಮರುನೋಂದಣಿ ಮಾಡಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ಅದನ್ನೂ ಮುಂದೂಡುತ್ತೇವೆ. ಬೈಕು ಇರುವಷ್ಟು ದಿನ ಇದರಿಂದ ತೊಂದರೆಯಿಲ್ಲ. ಹೋದ ದಿನ ಮಾತ್ರ ದೂರು ಕೊಡಬೇಕಾದವನು ಒಬ್ಬ, ದಾಖಲೆಯಲ್ಲಿರುವವನು ಇನ್ನೊಬ್ಬ, ವಿಮೆಯ ಹಣಕ್ಕೆ ಇಬ್ಬರೂ ಹಕ್ಕುದಾರರಲ್ಲ ಎಂಬ ಸ್ಥಿತಿ ಬಂದೊದಗೀತು. ಕೊಂಡವನು ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಸ್ನೇಹ ಎಷ್ಟೇ ಗಟ್ಟಿಯಾಗಿದ್ದರೂ ಸಹಿಯ ಜಾಗದಲ್ಲಿ ಅದು ನಿಲ್ಲಲಾರದು.

ವಿಮೆಯಲ್ಲಿಯೂ ಎರಡು ಬಗೆ. ಕಾಯ್ದೆ ಕಡ್ಡಾಯಗೊಳಿಸಿದ್ದು ಮೂರನೆಯವರಿಗಾಗುವ ಹಾನಿಯ ವಿಮೆಯನ್ನು ಮಾತ್ರ. ಅದರಿಂದ ಕಳವಿಗೆ ಕಾಸೂ ಸಿಗದು. ಸ್ವಂತ ಹಾನಿಯ ವಿಮೆಯಿದ್ದರೆ ಮಾತ್ರ ಪರಿಹಾರ, ಅದೂ ಸವಕಳಿ ಕಳೆದು. ಮೂರು ವರ್ಷ ದಾಟಿ ನಾಲ್ಕನೆಯದು ನಡೆಯುತ್ತಿರುವ ಬೈಕಿಗೆ ಸವಕಳಿಯ ರೂಢಿಯ ದರ ಶೇ. 40. ಲಕ್ಷ ರೂಪಾಯಿ ಬೆಲೆಯ ಬೈಕು ಆಗ ಅರುವತ್ತು ಸಾವಿರದ್ದು. ಸಾಲ ಬಾಕಿಯಿದ್ದರೆ ಆ ಹಣ ಮೊದಲು ಸಾಲ ಕೊಟ್ಟವರ ಪಾಲು. ಏನೂ ಸಿಗದಿದ್ದರೂ ಕಂತು ನಿಲ್ಲುವುದಿಲ್ಲ. ಬಾರದ ಬೈಕಿಗೆ ತಿಂಗಳು ತಿಂಗಳು ಕಂತು ಕಟ್ಟುವವನ ಪಾಲಿಗೆ ಕಳವು ಒಂದು ದಿನದ ಘಟನೆಯಲ್ಲ, ವರ್ಷಗಳ ಶಿಕ್ಷೆ. ವಿಮಾ ಕಂಪನಿಗಳು ಮೂಲ ಕೀಲಿಗಳೆರಡನ್ನೂ ಕೇಳುತ್ತವೆ. ಒಂದನ್ನು ಬೈಕಿನಲ್ಲಿಯೇ ಬಿಟ್ಟಿದ್ದರೆ ಪರಿಹಾರಕ್ಕೆ ಕುತ್ತು. ಆದ್ದರಿಂದ ಎರಡನೆಯ ಕೀಲಿಯನ್ನು ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿರಿಸಬೇಕು.

ದೂರಿನ ವಿಷಯದಲ್ಲಿ ಕಾಲ ಸ್ವಲ್ಪ ನಮ್ಮ ಪರವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿಯೂ ಕೊಟ್ಟು ಮೂರು ದಿನಗಳೊಳಗೆ ಸಹಿ ಮಾಡಬಹುದು. ದಿವಾದಲ್ಲಿ ಬೈಕು ಹೋದ ಸುದ್ದಿ ಕುಂದಾಪುರದಲ್ಲಿ ತಿಳಿದರೆ ಅಲ್ಲಿಯ ಠಾಣೆಯಲ್ಲಿ ಕನ್ನಡದಲ್ಲಿಯೇ ದೂರು ಕೊಡಲು ಇದರಿಂದ ದಾರಿಯಾಯಿತು. ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಪಡೆಯುವುದೂ ನಮ್ಮ ಹಕ್ಕು. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ, ವಿಮಾ ಕಂಪನಿಗೆ ತಿಳಿಸುವಲ್ಲಿ ತಡವಾಯಿತೆಂಬ ಒಂದೇ ನೆಪದಿಂದ ಪರಿಹಾರ ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ಹೇಳಿದೆ. ಆದರೂ ಇಬ್ಬರಿಗೂ ಅದೇ ದಿನ ತಿಳಿಸುವುದು ಕ್ಷೇಮ.

ಇಷ್ಟೆಲ್ಲ ಎಚ್ಚರ ವಹಿಸಿದವನ ಕಣ್ಣಿಗೂ ವಾಹನ ನಿಲ್ಲಿಸುವಲ್ಲಿ ಒಂದು ಫಲಕ ಎದುರಾಗುತ್ತದೆ: ವಾಹನಗಳಿಗೆ ಅವುಗಳ ಒಡೆಯರೇ ಹೊಣೆ. ಹಣ ತೆಗೆದುಕೊಳ್ಳುವಾಗ ಇರುವ ಕೈ, ಕಳವಾದಾಗ ಇಲ್ಲವಾಗುವ ಪರಿ ಇದು. ದೆಹಲಿಯ ಹೋಟೆಲೊಂದರಲ್ಲಿ 1998ರಲ್ಲಿ ಅತಿಥಿಯ ಕಾರು ಕಳವಾದ ಪ್ರಕರಣವನ್ನು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ತೀರ್ಮಾನಿಸಿತು. ಕಾರನ್ನೂ ಕೀಲಿಯನ್ನೂ ವಶಕ್ಕೆ ತೆಗೆದುಕೊಂಡ ಮೇಲೆ, ಚೀಟಿಯ ಮೇಲೆ ‘ಒಡೆಯರೇ ಹೊಣೆ’ ಎಂದು ಮುದ್ರಿಸಿದ ಮಾತ್ರಕ್ಕೆ ತನ್ನ ಅಲಕ್ಷ್ಯದ ಹೊಣೆಯಿಂದ ಹೋಟೆಲು ನುಣುಚಿಕೊಳ್ಳಲಾಗದೆಂಬುದು ಅದರ ಸಾರ. ಕೀಲಿ ನಮ್ಮ ಜೇಬಿನಲ್ಲಿಯೇ ಇರುವ ನಿಲ್ದಾಣದ ಬದಿಯ ಜಾಗಕ್ಕೆ ಈ ತೀರ್ಪು ಹಾಗೆಯೇ ಅನ್ವಯಿಸುತ್ತದೆಂದು ಹೇಳಲಾಗದು. ಆದರೆ ಅದರ ಹಿಂದಿನ ನ್ಯಾಯ ಸ್ಪಷ್ಟವಾಗಿದೆ: ಕಾಯುತ್ತೇನೆಂದು ಹಣ ಪಡೆದವನು ಕಾಯಬೇಕು. ಹಣ ಪಡೆಯುವ ಪ್ರತಿ ಜಾಗದಲ್ಲಿ ಸಂಖ್ಯೆ ಬರೆದ ಚೀಟಿ, ಹೊರಗೆ ಬಿಡುವಾಗ ಆ ಚೀಟಿಯ ತಪಾಸಣೆ, ಬೆಳಕು, ಕ್ಯಾಮೆರಾ ಇರಲೇಬೇಕೆಂಬ ಷರತ್ತನ್ನು ಗುತ್ತಿಗೆ ಕೊಡುವ ಸಂಸ್ಥೆಗಳು ಹಾಕಬೇಕು. ನೆಲಕ್ಕೆ ಹೂತ ಕಬ್ಬಿಣದ ಬಳೆಗಳ ಸಾಲೊಂದನ್ನು ಹಾಕಿಸಲು ಬೇಕಾದದ್ದು ದೊಡ್ಡ ಮೊತ್ತವಲ್ಲ, ಸಣ್ಣ ಮನಸ್ಸು.

ಎಲ್ಲವನ್ನೂ ಸರ್ಕಾರದ ಹೆಗಲಿಗೇರಿಸಿ ಸುಮ್ಮನಾಗುವುದೂ ಸಲ್ಲ. ಕದ್ದ ಬೈಕಿಗೆ ಬೆಲೆ ಬರುವುದು ಬಿಲ್ಲಿಲ್ಲದ ಅಗ್ಗದ ಬಿಡಿಭಾಗ ಕೊಳ್ಳುವವರು ಇರುವುದರಿಂದ. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಕಾನೂನಿನ ಕಣ್ಣಿನಲ್ಲಿ ಅಪರಾಧವೇ. ಇದರೊಡನೆ ನಮ್ಮ ಕನ್ನಡ ಸಂಘಗಳು ಮಾಡಬಹುದಾದದ್ದೂ ಇದೆ. ಹಿಂದೊಮ್ಮೆ ಮುಂಬಯಿಯ ಸಂಘಸಂಸ್ಥೆಗಳು ಹೋಟೆಲಿನ ಹುಡುಗರಿಗೆ ರಾತ್ರಿಶಾಲೆ ತೆರೆದದ್ದು ಅವರ ಅಂದಿನ ಕೊರತೆಯನ್ನರಿತು. ಇಂದಿನ ಕೊರತೆ ಬೇರೆ. ವರ್ಷಕ್ಕೊಂದು ಭಾನುವಾರ, ಹೆಸರು ವರ್ಗಾವಣೆ, ಮರುನೋಂದಣಿ, ವಿಮೆಗಳ ಕಾಗದ ತುಂಬಿಸಿಕೊಡುವ ಶಿಬಿರ. ಮರಾಠಿ ಬಲ್ಲ ಇಬ್ಬರು ಹಿರಿಯರು ಠಾಣೆಗೆ ಜೊತೆಯಾಗಿ ಹೋಗುವ ವ್ಯವಸ್ಥೆ. ರಜೆಗೆ ಹೋದವರ ಬೈಕುಗಳನ್ನು ಕಟ್ಟಡದ ನೆರೆಯವರು ಎರಡು ದಿನಕ್ಕೊಮ್ಮೆ ನೋಡಿ, ಧೂಳೊರೆಸಿ, ಜಾಗ ಬದಲಿಸುವ ಒಪ್ಪಂದ. ಇವಕ್ಕೆ ಸಭಾಭವನ ಬೇಡ, ದೇಣಿಗೆ ಬೇಡ. ಆ ನೆರೆಯವರು ಕನ್ನಡಿಗರೇ ಆಗಿರಬೇಕೆಂದೂ ಇಲ್ಲ. ಕೊಂಕಣದ ಮರಾಠಿಗನೂ ಉತ್ತರದ ಭಯ್ಯನೂ ತಮ್ಮ ಊರಿಗೆ ಹೋಗುವವರೇ, ತಮ್ಮ ಬೈಕು ಬಿಟ್ಟುಹೋಗುವವರೇ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ದಿಡ್ಡಿಬಾಗಿಲು ಒಂದು ಮನೆಯದಲ್ಲ, ಇಡೀ ಊರಿನದು. ಅದನ್ನು ಹೊತ್ತಿಗೆ ಸರಿಯಾಗಿ ಮುಚ್ಚುವ ಹೊಣೆಯೂ ಊರಿನದೇ. ಹೊರನಾಡಿನಲ್ಲಿ ನಮಗೆ ಕೋಟೆಯಿಲ್ಲ, ದಿಡ್ಡಿಯೂ ಇಲ್ಲ. ಇರುವುದು ಒಬ್ಬರ ವಸ್ತುವಿನ ಮೇಲೆ ಇನ್ನೊಬ್ಬರ ಕಣ್ಣು ಮಾತ್ರ. ಆ ಕಣ್ಣು ಕಾವಲಿನದಾದರೆ ಸಾಕು.